ಸಿಹಿ ಸಿರಪ್ಪಿನಲ್ಲಿ ವಿಷ: ಕಾಯುವವರು ಯಾರು?

ಗ್ಲಿಸರಿನ್ ಮತ್ತು ಡೈಈಥಿಲೀನ್ ಗ್ಲೈಕಾಲ್ ಎರಡೂ ಬಣ್ಣವಿಲ್ಲದ, ಸಿಹಿಯಾದ, ಮಂದ ದ್ರವಗಳು. ಕಣ್ಣಿಗಾಗಲಿ ನಾಲಿಗೆಗಾಗಲಿ ವ್ಯತ್ಯಾಸ ತಿಳಿಯದು. ಮೊದಲನೆಯದನ್ನು ಮಕ್ಕಳ ಸಿರಪ್‌ಗಳಲ್ಲಿ ಬಳಸುತ್ತಾರೆ. ಎರಡನೆಯದು ವಾಹನಗಳ ಬ್ರೇಕ್ ಆಯಿಲ್ ಮುಂತಾದವುಗಳಿಗೆ ಬೇಕಾಗುವ ಅಗ್ಗದ ರಾಸಾಯನಿಕ. ಹೊಟ್ಟೆಗೆ ಹೋದರೆ ಅದು ಡೈಗ್ಲೈಕಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಮೂತ್ರ ನಿಂತುಹೋಗುತ್ತದೆ.

ಈ ಅಪಾಯ ಹೊಸದಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ದ್ರವದಲ್ಲಿ ಕರಗಿಸಿದ ಸಲ್ಫಾ ಔಷಧ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಅಲ್ಲಿ ಕಟ್ಟುನಿಟ್ಟಿನ ಕಾಯಿದೆ ಬಂತು. ಹೊಸ ಔಷಧ ನಿರಪಾಯಕಾರಿ ಎಂದು ತೋರಿಸಿದ ಮೇಲೆಯೇ ಮಾರಬೇಕೆಂಬುದು ಅದರ ತಿರುಳು.

ಆದರೆ ಬಡ ದೇಶಗಳಿಗೆ ಆ ರಕ್ಷಣೆ ಸಿಗಲಿಲ್ಲ. 1995-96ರಲ್ಲಿ ಹೈಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕುಡಿದ 80ಕ್ಕೂ ಹೆಚ್ಚು ಮಕ್ಕಳು ಸಾವಿಗೀಡಾದರು. ಚೀನಾದಿಂದ ಯುರೋಪಿನ ದಲ್ಲಾಳಿಗಳ ಮೂಲಕ ಬಂದ 'ಗ್ಲಿಸರಿನ್'ನಲ್ಲಿ ಸುಮಾರು ಶೇ 24ರಷ್ಟು ಡೈಈಥಿಲೀನ್ ಗ್ಲೈಕಾಲ್ ಇತ್ತು. ಶುದ್ಧವೆಂಬ ಪ್ರಮಾಣಪತ್ರ ಮಾತ್ರ ಜೊತೆಗಿತ್ತು!

2022ರಲ್ಲಿ ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ತೀರಿಕೊಂಡರು. ಆ ಪುಟ್ಟ ದೇಶವು ಸಿರಪ್‌ಗಳ ಮಾದರಿಗಳನ್ನು ಪರೀಕ್ಷೆಗಾಗಿ ಹೊರದೇಶಕ್ಕೆ ಕಳುಹಿಸಬೇಕಾಯಿತು. ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ವಿಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಇಲ್ಲಿ ಉಳಿದಿದ್ದ ಮಾದರಿಗಳಲ್ಲಿ ದೋಷ ಕಾಣಲಿಲ್ಲವೆಂದು ಭಾರತ ಸರ್ಕಾರ ಹೇಳಿತು. ಮರುವರ್ಷ ಜೂನ್‌ನಿಂದ ಕೆಮ್ಮಿನ ಸಿರಪ್‌ಗಳ ರಫ್ತಿಗೆ ಮುನ್ನ ಸರ್ಕಾರಿ ಪ್ರಯೋಗಾಲಯದ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಜುಲೈನಿಂದ ಗ್ಯಾಂಬಿಯಾವೂ, ಭಾರತದ ಔಷಧಗಳೆಲ್ಲ ಹೊರಡುವ ಮೊದಲೇ ಪರೀಕ್ಷೆಗೊಳಗಾಗಬೇಕೆಂದಿತು. ಆದರೆ ನಮ್ಮ ದೇಶದೊಳಗೇ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ, 2025ರಲ್ಲಿ 20ಕ್ಕೂ ಹೆಚ್ಚು ಮಕ್ಕಳು ಇಂಥದೇ ಸಿರಪ್‌ಗೆ ಬಲಿಯಾದರು.

ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಪ್ರಯೋಗಾಲಯ, ನುರಿತ ತಪಾಸಕರು ಹಾಗೂ ತಪ್ಪು ಕಂಡಲ್ಲಿ ಮಾರಾಟ ನಿಲ್ಲಿಸುವ ಅಧಿಕಾರ, ಮೂರೂ ಬೇಕು. ಇವಕ್ಕೆ ಹಣ ಬೇಕು ನಿಜ. ಆದರೂ ಮೊದಲ ಪರೀಕ್ಷೆ ದುಬಾರಿಯಲ್ಲ. ಹೀರುಕಾಗದದ ಮೇಲಿನ ಶಾಯಿಯ ಚುಕ್ಕೆ ನೀರು ಏರಿದಂತೆ ಬೇರೆ ಬೇರೆ ಬಣ್ಣಗಳಾಗಿ ಬಿಡಿಬಿಡಿಯಾಗುವುದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ನೋಡಿರುತ್ತಾರೆ. ಅದೇ ತತ್ವದ 'ತೆಳುಪದರ ಕ್ರೊಮ್ಯಾಟೋಗ್ರಫಿ'ಯಿಂದ ಈ ಎರಡು ದ್ರವಗಳನ್ನು ಬೇರ್ಪಡಿಸಿ ಗುರುತಿಸಬಹುದು. ಸಂಶಯ ಬಂದ ಮಾದರಿಯನ್ನಷ್ಟೇ ದೊಡ್ಡ ಯಂತ್ರಕ್ಕೆ ಕಳುಹಿಸಿದರಾಯಿತು.

ತಂದೆತಾಯಂದಿರೂ ಎಚ್ಚರ ವಹಿಸಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರಲ್ಲಿ ಸೂಚಿಸಿದೆ. ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬಾರದು. ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಯಿರುವ ಬಾಟಲಿಯನ್ನು ಮಗು ಗುಣವಾಗುವವರೆಗೆ ಇಟ್ಟುಕೊಳ್ಳಬೇಕು. ಸಿರಪ್ ಕುಡಿದ ಮಗುವಿಗೆ ಮೂತ್ರ ಕಡಿಮೆಯಾದರೆ ಆ ಬಾಟಲಿಯೊಂದಿಗೇ ಆಸ್ಪತ್ರೆಗೆ ಧಾವಿಸಬೇಕು.