ಮಾತು ಬಾರದ ಕೂಸಿನೊಡನೆ ಮಾತು

"ಡಾಕ್ಟ್ರೇ, ಇವನಿಗೊಂದು ಒಳ್ಳೇ ಟಾನಿಕ್ ಬರೆದುಕೊಡಿ. ಪಕ್ಕದ ಮನೆ ಮಗು ಇವನಿಗಿಂತ ಎರಡು ತಿಂಗಳು ಚಿಕ್ಕದು, ನೋಡೋಕೆ ಇವನಿಗಿಂತ ದೊಡ್ಡದಾಗಿದೆ."

ಹದಿನಾಲ್ಕು ತಿಂಗಳ ಗಂಡುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದ ತಾಯಿಯೊಬ್ಬರ ಅಹವಾಲು ಇದು. ತೂಕ 7.9 ಕಿಲೋ, ಎತ್ತರವೂ ಕಡಿಮೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿತ್ತು. ಇದೆಲ್ಲ ದಿನವೂ ನೋಡುವಂಥದ್ದೇ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ. ಮೇಜಿನ ಮೇಲಿದ್ದ ಟಾರ್ಚ್ ಹೊತ್ತಿಸಿ ಮುಂದೆ ಹಿಡಿದರೂ ಮಗು ಕೈ ಚಾಚಲಿಲ್ಲ, ಸುಮ್ಮನೆ ನೋಡುತ್ತಿತ್ತು.

"ಮನೆಯಲ್ಲಿ ಇವನ ಜೊತೆ ಯಾರು ಮಾತಾಡ್ತೀರಮ್ಮ?" ಎಂದೆ.

"ಮಾತೇ ಬಾರದ ಕೂಸಿನ ಹತ್ತಿರ ಏನು ಮಾತಾಡೋದು ಡಾಕ್ಟ್ರೇ? ಅವನ ಪಾಡಿಗೆ ಅವನಿರ್ತಾನೆ. ಅತ್ತರೆ ಮೊಬೈಲ್ ಕೊಡ್ತೀವಿ."

ಆ ತಾಯಿಯನ್ನು ದೂರುವಂತಿಲ್ಲ. ನಾನೂ ಎಷ್ಟೋ ವರ್ಷ ಇಂಥ ಮಕ್ಕಳಿಗೆ ಟಾನಿಕ್ ಬರೆದು, "ಚೆನ್ನಾಗಿ ಊಟ ಮಾಡಿಸಿ" ಎಂದು ಹೇಳಿ ಕಳಿಸಿದವನೇ. ಊಟದಷ್ಟೇ ಆಟವನ್ನೂ ಕೇಳಿ ತಿಳಿದುಕೊಳ್ಳಬೇಕೆಂದು ನನಗೆ ಮನವರಿಕೆಯಾದದ್ದು ದೂರದ ಜಮೈಕಾ ದ್ವೀಪದಲ್ಲಿ ನಡೆದ ಒಂದು ಅಧ್ಯಯನದ ವಿಷಯ ಓದಿದ ಮೇಲೆ.

1986-87ರಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ಡಾ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ 9ರಿಂದ 24 ತಿಂಗಳಿನವರು, ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಬೆಳವಣಿಗೆ ಕುಂಠಿತವಾದವರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪುಡಿ ಆಧಾರಿತ ಪೌಷ್ಟಿಕ ಆಹಾರ. ಇನ್ನೊಂದಕ್ಕೆ ಆಹಾರವಿಲ್ಲ, ಆಟ ಮಾತ್ರ. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಆದರೆ ಎಲ್ಲ ಗುಂಪಿಗೂ ಉಚಿತ ವೈದ್ಯಕೀಯ ನೆರವು ಇತ್ತು.

ಆಟವೆಂದರೆ ದುಬಾರಿ ಗೊಂಬೆಗಳಲ್ಲ. ಸ್ಥಳೀಯ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಮ್ಮೆ ಮನೆಗೆ ಬಂದು ಒಂದು ಗಂಟೆ ಕೂರುತ್ತಿದ್ದಳು. ಖಾಲಿ ಡಬ್ಬಿ, ಬಾಟಲಿಗಳಂಥ ವಸ್ತುಗಳಿಂದ ಮಾಡಿದ ಆಟಿಕೆ, ಒಂದು ಚಿತ್ರಪುಸ್ತಕ ಅವಳ ಚೀಲದಲ್ಲಿ. ಮಗುವನ್ನು ತಾನೇ ಆಡಿಸಿ ಹೋಗುವುದು ಅವಳ ಕೆಲಸವಾಗಿರಲಿಲ್ಲ. ಹೇಗೆ ಆಡಿಸಬೇಕು, ಹೇಗೆ ಮಾತಾಡಿಸಬೇಕು, ಮಗು ಒಂದು ಹೊಸದನ್ನು ಮಾಡಿದಾಗ ಹೇಗೆ ಹೊಗಳಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದಳು. ಆಟಿಕೆಗಳನ್ನು ಅಲ್ಲೇ ಬಿಟ್ಟು, ಮುಂದಿನ ವಾರ ಬೇರೆಯವನ್ನು ತರುತ್ತಿದ್ದಳು. ಹೀಗೆ ಎರಡು ವರ್ಷ.

1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ಆಹಾರದಿಂದಲೂ ಲಾಭವಾಗಿತ್ತು, ಆಟದಿಂದಲೂ ಲಾಭವಾಗಿತ್ತು. ಎರಡೂ ಸಿಕ್ಕ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಆದರೆ ಕುತೂಹಲದ ಸಂಗತಿ ಇರುವುದು ಇದರ ಮುಂದೆ. ಸುಮಾರು ಇಪ್ಪತ್ತು ವರ್ಷದ ನಂತರ ಅದೇ ಮಕ್ಕಳಲ್ಲಿ 105 ಮಂದಿಯನ್ನು ಸಂಶೋಧಕರು ಹುಡುಕಿ ತೆಗೆದರು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ವರದಿಯಂತೆ, ಆಟ ಸಿಕ್ಕಿದ್ದವರ ಸಂಪಾದನೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಅವರು ಹೆಚ್ಚು ಓದಿದ್ದರು. ಹೊಡೆದಾಟಕ್ಕೆ ಇಳಿಯುವುದೂ ಕಡಿಮೆಯಾಗಿತ್ತು. ಆಹಾರ ಮಾತ್ರ ಪಡೆದಿದ್ದವರಲ್ಲಿ ಇಂಥ ದೀರ್ಘಕಾಲದ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ "ಹಾಗಾದರೆ ಊಟ ಮುಖ್ಯವಲ್ಲ" ಎಂದುಕೊಳ್ಳಬೇಡಿ! ಮನೆಗೆ ಕೊಟ್ಟ ಹಾಲಿನ ಪುಡಿಯನ್ನು ಬಡಕುಟುಂಬದಲ್ಲಿ ಅಣ್ಣ ಅಕ್ಕಂದಿರಿಗೂ ಹಂಚದೆ ಇರುತ್ತಾರೆಯೇ? ಅಲ್ಲದೆ 129 ಮಕ್ಕಳೆಂದರೆ ಸಣ್ಣ ಸಂಖ್ಯೆ. ಆದರೆ ಇದೇ ಮಾದರಿಯನ್ನು ನಮ್ಮ ದೇಶದಲ್ಲೂ ಪರೀಕ್ಷಿಸಿದ್ದಾರೆ. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ 421 ಮಕ್ಕಳ ಮೇಲೆ ಹದಿನೆಂಟು ತಿಂಗಳು ನಡೆದ ಪ್ರಯೋಗದಲ್ಲಿ ಸ್ಥಳೀಯ ಹೆಂಗಸರೇ ಮನೆಮನೆಗೆ ಹೋದರು. ಅಲ್ಲಿಯೂ ಮಕ್ಕಳ ಬುದ್ಧಿ ಚುರುಕಾದದ್ದು ಕಂಡುಬಂತು.

ಕಾರಣ ತೀರ ನಿಗೂಢವೇನಲ್ಲ. ಹುಟ್ಟಿದ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಮುಕ್ಕಾಲು ಭಾಗವಾಗಿರುತ್ತದೆ. ಈ ಅವಧಿಯಲ್ಲಿ ನರಕೋಶಗಳ ನಡುವೆ ಅಸಂಖ್ಯ ಸಂಪರ್ಕಗಳು ಏರ್ಪಡುತ್ತವೆ. ಬಳಸಿದವು ಗಟ್ಟಿಯಾಗುತ್ತವೆ, ಬಳಸದವು ಕಳಚಿಹೋಗುತ್ತವೆ. ಮಗು 'ಊಂ' ಎಂದಾಗ ನೀವೂ 'ಊಂ' ಎಂದರೆ ಅದು ಮಿದುಳಿಗೆ ಕೆಲಸ. ಮೊಬೈಲ್ ಮರುಮಾತು ಆಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತಿಳಿಸಿದೆ.

ನಮ್ಮಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಕರ್ನಾಟಕದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಆದರೆ ಆಟ ಪಾಠವೆಲ್ಲ ಮುಖ್ಯವಾಗಿ ಮೂರು ವರ್ಷ ತುಂಬಿದವರಿಗೆ. ಅದಕ್ಕೂ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಸಿಗುತ್ತದೆ. ಪೊಟ್ಟಣದ ಜೊತೆ ಆಡಿಸುವ ವಿಧಾನವನ್ನೂ ತಾಯಿಗೆ ಹೇಳಿಕೊಡುವಷ್ಟು ಬಿಡುವು ಕಾರ್ಯಕರ್ತೆಗೆ ಇರಬೇಕು. ಅವಳ ಮೇಲೆ ಹೊರಿಸಿರುವ ದಫ್ತರದ ಕೆಲಸ ನೋಡಿದರೆ ಅದು ಕಷ್ಟವೇ.

ಆ ತಾಯಿಗೆ ನಾನು ಬರೆದುಕೊಟ್ಟದ್ದು ಕಬ್ಬಿಣಾಂಶದ ಹನಿ, ತುಪ್ಪ ಹಾಕಿದ ರಾಗಿ ಗಂಜಿ, ಬೇಳೆ, ದಿನಕ್ಕೊಂದು ಮೊಟ್ಟೆ. ಕಿವಿಯ ಪರೀಕ್ಷೆಗೂ ಕಳಿಸಿದೆ, ಕಿವಿ ಸರಿಯಾಗಿತ್ತು. ಚೀಟಿಯ ಕೆಳಗೆ ಇನ್ನೊಂದು ಸಾಲು: ಸ್ಟೀಲ್ ಲೋಟ, ಚಮಚ, ಮುಚ್ಚಳ. ಅಡುಗೆ ಮಾಡುವಾಗ ಮಗುವನ್ನು ಒಲೆಯಿಂದ ದೂರ, ಕಣ್ಣಿಗೆ ಕಾಣುವಂತೆ ಕೂರಿಸಿ, ಇವನ್ನು ಕೈಗೆ ಕೊಡಿ. ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತಿರಿ. ಸೆರಗು ಮುಚ್ಚಿ ತೆಗೆದು ಆಡಿಸಿ. ಬಾಯಿಗೆ ಹೋಗುವಷ್ಟು ಚಿಕ್ಕ ವಸ್ತು ಮಾತ್ರ ಬೇಡ. ಮೂರು ತಿಂಗಳ ಮೇಲೆ ಬಂದಾಗ ತೂಕ 8.7 ಕಿಲೋ. ನನ್ನ ಟಾರ್ಚನ್ನು ಕಿತ್ತುಕೊಂಡು ಕೊಡಲೇ ಇಲ್ಲ. "ಮನೇಲಿ ತಲೆನೋವು ಬರೋ ಹಾಗೆ ಮುಚ್ಚಳ ಬಡೀತಾನೆ" ಎಂದು ಜೊತೆಗೆ ಬಂದ ಅಜ್ಜಿಯ ದೂರು.

ಎಲ್ಲ ಮಕ್ಕಳೂ ಹೀಗೆ ಚೇತರಿಸಿಕೊಳ್ಳುತ್ತಾರೆಂದು ಕಾಯುತ್ತ ಕೂರಬಾರದು. ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಅಥವಾ ಒಂದು ಮಾತೂ ಆಡದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ಮರೆತುಹೋದರೆ ವೈದ್ಯರಿಗೆ ತೋರಿಸಿ. "ಇವರಪ್ಪನೂ ತಡವಾಗೇ ಮಾತಾಡಿದ್ದು" ಎಂಬ ಮನೆಯ ಹಿರಿಯರ ಸಮಾಧಾನವನ್ನು ನಂಬಿ ದಿನ ತಳ್ಳಬೇಡಿ. ಅಂಗನವಾಡಿಗೆ ಬರುವ ಮಕ್ಕಳ ತಪಾಸಣಾ ತಂಡದವರನ್ನು ಕೇಳಿದರೆ, ಅಗತ್ಯವಿದ್ದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಕೊಟ್ಟು ಕಳಿಸುತ್ತಾರೆ.