ನಂಬಿಕೆ ಮಸುಕಾದ ಮೇಲೂ ನಮಾಝ್ ಯಾಕೆ?

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜುಮಾ ಮುಗಿಸಿ ಚಹಾ ಕುಡಿಯುತ್ತಿದ್ದೆವು. ನಮ್ಮೂರ ಕಡೆಯ ಹುಡುಗನೊಬ್ಬ ಜೊತೆಗೆ ಸೇರಿಕೊಂಡ. ಕಂಪ್ಯೂಟರ್ ಕೆಲಸ, ಬಸವನಗುಡಿಯಲ್ಲಿ ಬಾಡಿಗೆ ರೂಮು. ಅದೂ ಇದೂ ಮಾತಾಡುತ್ತಾ ಮೆಲ್ಲಗೆ ಹೇಳಿದ: "ದೇವರಿದ್ದಾನೆ ಅಂತ ನನಗೀಗ ಅನ್ನಿಸೋದೇ ಇಲ್ಲ. ಆದ್ರೂ ಜುಮಾ ಬಿಟ್ಟಿಲ್ಲ. ಉಮ್ಮ ಫೋನಲ್ಲಿ ಕೇಳಿದಾಗ ಸುಳ್ಳು ಹೇಳೋಕಾಗಲ್ಲ. ನಾನು ಮಾಡ್ತಿರೋದು ನಾಟಕವಾ?"

"ತೌಬಾ ಮಾಡು" ಎಂದು ಗದರಿಸಿ ಎದ್ದು ಬರುವುದು ಸುಲಭವಿತ್ತು. ಆದರೆ ಇಂಥ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಆ ಹುಡುಗ ವಾಸವಿರುವ ಬಸವನಗುಡಿಯಲ್ಲೇ ಈ ಪ್ರಶ್ನೆಯನ್ನು ಎದುರಿಸಿದ ಇಬ್ಬರು ಹಿರಿಯರು ಬದುಕಿದ್ದರು. ಒಬ್ಬರು ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಕಲಿಸಿದ ಈ ಮೇಷ್ಟ್ರು 2005ರಲ್ಲಿ ತೀರಿಕೊಳ್ಳುವವರೆಗೂ ಖಾದಿ ಉಟ್ಟು, ಹಾಸ್ಟೆಲ್ ಕೋಣೆಯಲ್ಲಿ ಒಂಟಿಯಾಗಿ, ಸರಳವಾಗಿ ಬಾಳಿದರು.

ಇನ್ನೊಬ್ಬರು ಡಿ.ವಿ. ಗುಂಡಪ್ಪ. 1943ರಲ್ಲಿ ಬಂದ ಅವರ 'ಮಂಕುತಿಮ್ಮನ ಕಗ್ಗ' ಸಂಶಯಗಳಿಂದಲೇ ತುಂಬಿದೆ. ಆದರೂ ಅದು ಶುರುವಾಗುವುದು ಕಣ್ಣಿಗೆ ಕಾಣದ ಆ ವಿಚಿತ್ರಕ್ಕೆ ನಮಿಸು ಎಂಬ ಮಾತಿನಿಂದ. ಪ್ರಶ್ನೆಯೂ ಇರಲಿ, ತಲೆಬಾಗುವುದೂ ಇರಲಿ ಎಂಬ ದಾರಿ ಅದು.

ನಮ್ಮಲ್ಲಿ? ನಮ್ಮಲ್ಲೂ ಇದು ಹೊಸತೇನಲ್ಲ. ಇಮಾಮ್ ಗಝ್ಝಾಲಿಯವರು ಒಂದು ಕಾಲದಲ್ಲಿ ಸಂಶಯದ ಕಾಯಿಲೆಗೆ ತಾವೇ ಬಿದ್ದಿದ್ದಾಗಿ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಪ್ರವಾದಿತ್ವವನ್ನು ನಂಬದೆಯೂ ನಮಾಝ್ ಮಾಡುವವರ ಪ್ರಸ್ತಾಪವೂ ಅದರಲ್ಲಿದೆ. ಯಾಕಪ್ಪಾ ಮಾಡುತ್ತೀ ಎಂದು ಕೇಳಿದರೆ ಮೈಗೆ ವ್ಯಾಯಾಮ, ಊರಿನ ರೂಢಿ, ಆಸ್ತಿ–ಮಕ್ಕಳಿಗೆ ರಕ್ಷಣೆ ಎನ್ನುತ್ತಾರಂತೆ! ಒಂಬೈನೂರು ವರ್ಷಗಳ ಹಿಂದಿನ ಮಾತಿದು. ಗಝ್ಝಾಲಿಯವರಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ. ಆದರೆ ಅವರು ಅಂಥವರನ್ನು ನೋಡಿದ್ದು ವೈದ್ಯನ ಕಣ್ಣಿನಿಂದ. 1106ರಲ್ಲಿ ಏಕಾಂತ ಬಿಟ್ಟು ಮತ್ತೆ ಪಾಠ ಹೇಳಲು ಕೂತದ್ದೂ ಈ ಕಾಯಿಲೆಗೆ ಮದ್ದು ಕೊಡಬೇಕೆಂದೇ.

ಮದ್ರಸದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ನಮಾಝಿನ ಫರ್ಳ್‌ಗಳಲ್ಲಿ ಮೊದಲನೆಯದೇ ನಿಯ್ಯತ್. ಅದಿಲ್ಲದಿದ್ದರೆ ಬಗ್ಗಿ ಏಳುವುದು ಬರೀ ಕಸರತ್ತು. ಹಾಗಾಗಿ ನಂಬಿಕೆ ಇಲ್ಲದಿದ್ದರೂ ನಡೆಯುತ್ತದೆ ಎಂದು ನಾವು ಆ ಹುಡುಗನಿಗೆ ಹೇಳುವಂತಿರಲಿಲ್ಲ. ಆದರೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 14ನೇ ವಚನ ನೆನಪಾಯಿತು. ನಾವು ವಿಶ್ವಾಸವಿಟ್ಟೆವು ಎಂದುಕೊಂಡು ಬಂದ ಮರುಭೂಮಿಯ ಅರಬರಿಗೆ, ನೀವು ಶರಣಾಗಿದ್ದೀರಿ ಅಷ್ಟೇ, ಈಮಾನ್ ನಿಮ್ಮ ಹೃದಯದೊಳಗೆ ಇನ್ನೂ ಹೊಕ್ಕಿಲ್ಲ ಎಂದು ಅದು ತಿದ್ದುತ್ತದೆ. ಅವರನ್ನು ಹೊರಗೆ ಹೋಗಿ ಎನ್ನುವುದಿಲ್ಲ. ಅನುಸರಿಸಿದರೆ ನಿಮ್ಮ ಕರ್ಮಗಳಲ್ಲಿ ಏನೂ ಕಡಿತವಾಗದು ಎನ್ನುತ್ತದೆ. ಆ 'ಇನ್ನೂ' ಎಂಬ ಮಾತಿನಲ್ಲಿ ಎಷ್ಟು ದೊಡ್ಡ ಬಾಗಿಲಿದೆ ನೋಡಿ.

ಹುಡುಗನಿಗೆ ನಾವು ಹೇಳಿದ್ದಿಷ್ಟು: ಜನ ಮೆಚ್ಚಲಿ ಅಂತ ಮಾಡಿದರೆ ಅದು ನಾಟಕ. ನಿನ್ನದು ಹಾಗಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಂಡು ಸಫ್‌ನಲ್ಲಿ ನಿಂತಿದ್ದೀಯ. ನಿಂತಿರು, ಕೇಳುತ್ತಲೂ ಇರು.

ಉಳಿದ ಮಾತು ಮನೆಯ ಹಿರಿಯರಿಗೆ. ಮಗ ಪ್ರಶ್ನೆ ಎತ್ತಿದ ಕೂಡಲೇ ಬೈದು ಬಾಯಿ ಮುಚ್ಚಿಸಿದರೆ ಅವನ ಸಂಶಯ ಹೋಗುವುದಿಲ್ಲ, ಮಾತು ಹೋಗುತ್ತದೆ. ಹೆದರಿಸಿ ಮಾಡಿಸಿದ ನಮಾಝ್ ಕಲಿಸುವುದು ಕಪಟವನ್ನೇ. ನಮಗೆ ಉತ್ತರ ತಿಳಿಯದಿದ್ದರೆ ತಿಳಿದ ಉಸ್ತಾದರ ಬಳಿ ಕೂರಿಸೋಣ. ಅಷ್ಟಕ್ಕೂ ಹೃದಯ ತಿರುಗಿಸುವವನು ಅಲ್ಲಾಹನೇ ಹೊರತು ನಾವಲ್ಲವಲ್ಲ.

ಏಳುವಾಗ ಹುಡುಗ ಚಹಾದ ದುಡ್ಡು ಕೊಡಲು ಹೋದ. ನಾವು ಬಿಡಲಿಲ್ಲ. ಮುಂದಿನ ಶುಕ್ರವಾರ ನೀನು ಕೊಡು ಎಂದೆವು.