ಹಲ್ಲಿನ ಕಲೆ ಕೊಳೆಯಲ್ಲ

ಕ್ಯಾಂಪಸ್ ಸಂದರ್ಶನಕ್ಕೆ ಹೊಸ ಶರ್ಟ್ ಕೊಳ್ಳಬಹುದು. ಆದರೆ ಹಲ್ಲಿನ ಮೇಲಿನ ಕಂದು ಕಲೆಗೆ ಏನು ಮಾಡುವುದು? ನಮ್ಮ ಪಾವಗಡದ ಕಡೆಯ ಎಷ್ಟೋ ಹುಡುಗ, ಹುಡುಗಿಯರು ತುಟಿ ಬಿಚ್ಚದೇ ನಗುತ್ತಾರೆ. ‘ಸರಿಯಾಗಿ ಹಲ್ಲು ಉಜ್ಜಲ್ವಾ?’ ಎಂಬ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.

ಅದು ಕೊಳೆಯಲ್ಲ, ಕೊಳವೆಬಾವಿ ನೀರಿನ ಫ್ಲೋರೈಡ್ ಬಿಟ್ಟ ಗುರುತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಮಿತಿ. ಸುಮಾರು 8 ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆಗೆ ಬೀಜ ಬಿದ್ದಿರುತ್ತದೆ. ಆಮೇಲೆ ಇದ್ದಿಲು, ನಿಂಬೆರಸ ಹಾಕಿ ತಿಕ್ಕಿದರೆ ಸವೆಯುವುದು ಎನಾಮಲ್. ಅದು ಮತ್ತೆ ಬೆಳೆಯುವುದಿಲ್ಲ. ಕಲೆ ಮರೆಮಾಡುವ ಚಿಕಿತ್ಸೆ ದಂತವೈದ್ಯರಲ್ಲಿದೆ, ಆದರೆ ಅದಕ್ಕೆ ಹಣ ಬೇಕು.

ನೀರು ಕುದಿಸಿದರೂ ಫ್ಲೋರೈಡ್ ಹೋಗದು. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಅದನ್ನು ತೆಗೆಯುತ್ತದೆ. ಆ ನೀರನ್ನು ಅಡುಗೆಗೂ ಬಳಸಬೇಕು. ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯಲ್ಲಿ ಕೇಳೋಣ, ನೀರಿನ ಪರೀಕ್ಷೆ ಮಾಡಿಸೋಣ. ಬಿ.ಇ. ಓದುವ ನಮಗೆ ಇದೇನೂ ಕಷ್ಟದ ಕೆಲಸವಲ್ಲ. ನಮ್ಮ ಹಲ್ಲಿಗೆ ಕಾಲ ಮೀರಿದೆ. ಅಂಗನವಾಡಿಗೆ ಹೋಗುವ ತಮ್ಮ, ತಂಗಿಯರಿಗೆ ಇನ್ನೂ ಮೀರಿಲ್ಲ.